ಜೀರ್ಣೋದ್ಧಾರ

ಹಳೆಯ ದೇವಾಲಯದ ಗೋಡೆ ಬಿರುಕುಬಿಟ್ಟರೆ ಊರಿನವರು ಅದನ್ನು ಕೆಡವಿಹಾಕುವುದಿಲ್ಲ. ಸಡಿಲಗೊಂಡ ಕಲ್ಲುಗಳನ್ನು ಒಂದೊಂದಾಗಿ ಇಳಿಸಿ, ಗುರುತು ಹಾಕಿ, ತಳಪಾಯವನ್ನು ಭದ್ರಪಡಿಸಿ, ಅದೇ ಕಲ್ಲುಗಳನ್ನು ಮತ್ತೆ ಅದೇ ಸ್ಥಾನದಲ್ಲಿ ಕೂರಿಸುತ್ತಾರೆ. ಒಡೆದುಹೋದ ಕಲ್ಲಿನ ಜಾಗಕ್ಕೆ ಮಾತ್ರ ಬೇರೆಯ ಕಲ್ಲು ಬರುತ್ತದೆ. ಈ ಕೆಲಸಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಜೀರ್ಣೋದ್ಧಾರ. ಜೀರ್ಣವಾದುದನ್ನು ಮೇಲಕ್ಕೆತ್ತುವುದು ಎಂದು ಆ ಮಾತಿನ ಅರ್ಥ. ಗುಡಿಗೆ, ಕೆರೆಗೆ, ಬಾವಿಗೆ ಸಲ್ಲುವ ಈ ಮಾತು ಒಂದು ಹಳೆಯ ಜೀಪಿಗೂ ಸಲ್ಲುತ್ತದೆಯೆಂದರೆ ಕೆಲವರಿಗೆ ನಗು ಬಂದೀತು. ಆದರೆ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ ನಡೆದ ಕೆಲಸವನ್ನು ಕಣ್ಣಾರೆ ಕಂಡವರು ನಗಲಾರರು.

ಬೆಂಗಳೂರಿನ ವಾಯವ್ಯದಲ್ಲಿ, ತುಮಕೂರು ರಸ್ತೆಯ ಮಗ್ಗುಲಲ್ಲಿ ಹರಡಿಕೊಂಡಿರುವ ಪೀಣ್ಯವು ಸಣ್ಣ ಕೈಗಾರಿಕೆಗಳ ದೊಡ್ಡ ಊರು. ಅಲ್ಲಿಗೆ ಹತ್ತಿರದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆ ಸ್ಥಾಪನೆಯಾಯಿತು. ಅಂಥ ದೊಡ್ಡ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರಲ್ಲಿ ಹಲವರು ಮುಂದೆ ಒಂದು ಲೇತನ್ನೋ ಒಂದು ಡ್ರಿಲ್ಲಿಂಗ್ ಯಂತ್ರವನ್ನೋ ಇಟ್ಟುಕೊಂಡು ಸ್ವಂತ ಕಸುಬು ಹೂಡಿದರು. ಆ ಶೆಡ್ಡಿನ ಮೇಸ್ತ್ರಿಗಳೂ ಅಂಥವರಲ್ಲಿ ಒಬ್ಬರು. ವಯಸ್ಸು ಎಪ್ಪತ್ತು ದಾಟಿದೆ. ಕನ್ನಡಕದ ಗಾಜು ದಪ್ಪವಾಗಿದೆ. ಆದರೂ ಲೇತಿನ ಸದ್ದು ಕೊಂಚ ಬದಲಾದರೆ, ಬೆನ್ನು ತಿರುಗಿಸಿಕೊಂಡು ಕುಳಿತಿದ್ದರೂ, ಉಳಿಯ ಮೊನೆ ಮೊಂಡಾಯಿತೆಂದು ಅವರು ಹೇಳಬಲ್ಲರು. ಅವರ ಬಳಿ ಯಾದಗಿರಿಯ ಕಡೆಯಿಂದ ಬಂದ, ಐ.ಟಿ.ಐ. ಮುಗಿಸಿದ ಒಬ್ಬ ಹುಡುಗನು ಕೆಲಸ ಕಲಿಯುತ್ತಿದ್ದನು. ಅವನದು ಮಾತು ಕಡಿಮೆ. ಅಳತೆಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಅವನ ಅಭ್ಯಾಸ.

ಒಂದು ದಿನ ಲಾರಿಯೊಂದು ಶೆಡ್ಡಿನ ಮುಂದೆ ಬಂದು ನಿಂತಿತು. ಅದರಿಂದ ಇಳಿದ ವಸ್ತುವನ್ನು ವಾಹನವೆನ್ನಲು ಧೈರ್ಯ ಬೇಕಾಗಿತ್ತು. ಟೈರುಗಳು ಬಿರಿದುಹೋಗಿದ್ದವು. ನೆಲದ ತಗಡು ಜರಡಿಯಾಗಿತ್ತು. ಬಾನೆಟ್ಟಿನ ಕೆಳಗೆ ಇಲಿಗಳು ಸಂಸಾರ ಹೂಡಿ ಬಿಟ್ಟುಹೋದ ಗುರುತುಗಳಿದ್ದವು. ಅದರೊಡನೆ ಬಂದವನು ನಗರದ ಇನ್ನೊಂದು ತುದಿಯಲ್ಲಿ, ಹೊಸೂರು ರಸ್ತೆಯ ಇಲೆಕ್ಟ್ರಾನಿಕ್ ಸಿಟಿಯಲ್ಲಿ, ಉದ್ಯೋಗದಲ್ಲಿದ್ದ ಒಬ್ಬ ಯುವಕ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಿದ್ದ ನೆಲದಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕಟ್ಟತೊಡಗಿದ ಆ ಬಡಾವಣೆಯಲ್ಲಿ ಕೆಲಸವೆಲ್ಲ ಗಣಕಯಂತ್ರದ ಪರದೆಯ ಮೇಲೆ ನಡೆಯುತ್ತದೆ. ಅಲ್ಲಿ ದುಡಿಯುವ ಈ ಯುವಕನು ಅಂದಿನವರೆಗೆ ಸ್ಪ್ಯಾನರನ್ನು ಕೈಯಲ್ಲಿ ಹಿಡಿದವನಲ್ಲ.

ಆ ಜೀಪು ಮೂಡಿಗೆರೆಯ ಕಡೆಯ ಕಾಫಿತೋಟವೊಂದರಲ್ಲಿ ಯುವಕನ ಅಜ್ಜನದಾಗಿತ್ತು. ಮಳೆಗಾಲದಲ್ಲಿ ಕೆಸರಿನ ದಾರಿಯಲ್ಲಿ ಎತ್ತಿನ ಗಾಡಿಯೂ ಹೂತುಹೋಗುವ ದಿನಗಳಲ್ಲಿ ಅದು ಕಾಫಿಯ ಮೂಟೆಗಳನ್ನು, ಗೊಬ್ಬರವನ್ನು, ಶಾಲೆಯ ಮಕ್ಕಳನ್ನು, ರೋಗಿಗಳನ್ನು ಹೊತ್ತಿತು. ಯುವಕನ ತಂದೆ ಹುಟ್ಟಿದ ರಾತ್ರಿ, ಹಳ್ಳ ತುಂಬಿ ಹರಿಯುತ್ತಿದ್ದಾಗ, ಅಜ್ಜಿಯನ್ನು ಪೇಟೆಯ ಆಸ್ಪತ್ರೆಗೆ ತಲುಪಿಸಿದ್ದೂ ಅದೇ. ಅಜ್ಜನು ತೀರಿಕೊಂಡ ಮೇಲೆ ಅದು ಹೆಂಚಿನ ಕೊಟ್ಟಿಗೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತುಬಿಟ್ಟಿತು. ಹೆಂಚು ಒಡೆದು ಮಳೆ ಒಳಗೆ ಸುರಿಯಿತು. ಒಮ್ಮೆ ಗುಜರಿಯವನೊಬ್ಬನು ಬಂದು ಕಿಲೋಗ್ರಾಮಿಗೆ ಇಷ್ಟೆಂದು ಬೆಲೆ ಹೇಳಿದನು. ಅಜ್ಜಿ ಬಾಗಿಲಲ್ಲಿ ನಿಂತು, "ಅದು ತೂಕಕ್ಕೆ ಹಾಕೋ ಸಾಮಾನಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಗುಜರಿಯವನನ್ನು ಕರೆತಂದಿದ್ದವನು ಆಗ ಕಾಲೇಜಿನಲ್ಲಿ ಓದುತ್ತಿದ್ದ ಈ ಮೊಮ್ಮಗನೇ. ಅಜ್ಜಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಮರೆತುಬಿಡುತ್ತಿದ್ದನೋ ಏನೋ. ಈಗ ಅಜ್ಜಿಗೆ ಎಂಬತ್ತು ದಾಟಿತ್ತು. ಊರಿನ ಸುಗ್ಗಿ ಹಬ್ಬಕ್ಕೆ ಅದೇ ಜೀಪಿನಲ್ಲಿ ಕುಳಿತು ಒಮ್ಮೆ ದೇವಸ್ಥಾನಕ್ಕೆ ಹೋಗಬೇಕೆಂಬುದು ಅವರು ಬಾಯಿಬಿಟ್ಟು ಹೇಳಿದ ಒಂದೇ ಆಸೆ.

ಜೀಪಿನ ವಂಶಕ್ಕೆ ದೊಡ್ಡ ಚರಿತ್ರೆಯಿದೆ. 1940ರಲ್ಲಿ ಅಮೆರಿಕದ ಸೇನೆಯು ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ತಲುಪುವ ಒಂದು ಪುಟ್ಟ ವಾಹನ ಬೇಕೆಂದು ತಯಾರಕರನ್ನು ಕೇಳಿತು. ಬ್ಯಾಂಟಮ್ ಎಂಬ ಚಿಕ್ಕ ಸಂಸ್ಥೆಯು ಮೊದಲ ಮಾದರಿಯನ್ನು ಮಾಡಿಕೊಟ್ಟಿತು. ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಅಂಥ ಆರು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತಯಾರಿಸಿದವು. ಯುದ್ಧಕ್ಕೆಂದು ಹುಟ್ಟಿದ ಜೀಪು ಶಾಂತಿಯ ಕಾಲದಲ್ಲಿ ರೈತನ ಹೊಲಕ್ಕೆ ಇಳಿಯಿತು. ಭಾರತದಲ್ಲಿ ಮಹೀಂದ್ರ ಸಂಸ್ಥೆಯು 1947ರಿಂದ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿ, ಕ್ರಮೇಣ ಇಲ್ಲಿಯೇ ತಯಾರಿಸಿತು. 1953ರಲ್ಲಿ ವಿಲ್ಲಿಸ್ ಸಂಸ್ಥೆಯು ಹೊರತಂದ ಸಿ.ಜೆ. 3 ಬಿ ಎಂಬ ಮಾದರಿಯು ನಮ್ಮ ದೇಶದಲ್ಲಿ ದಶಕಗಳ ಕಾಲ ತಯಾರಾಯಿತು. ಅಜ್ಜನ ಜೀಪು ಅದೇ ಕುಲದ್ದು. ಅದರ ಎಂಜಿನ್ನಿನಲ್ಲಿ ಇಂಧನವನ್ನು ಒಳಕ್ಕೆ ಬಿಡುವ ವಾಲ್ವುಗಳು ಮೇಲೆ ಹೆಡ್ಡಿನಲ್ಲಿಯೂ, ಹೊಗೆಯನ್ನು ಹೊರಕ್ಕೆ ಬಿಡುವ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿಯೂ ಇರುತ್ತವೆ. ಇದರಿಂದ ಎಂಜಿನ್ನು ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ತಲೆಯೆತ್ತಿ ನಿಂತಂತೆ ಕಾಣುವ ಆ ಮುಖಕ್ಕೆ ಕಾರಣ ಇಷ್ಟೇ.

ಇಂಥ ಗಟ್ಟಿಗನನ್ನು ನೆಲಕ್ಕೆ ಕೆಡವಿದ ಶತ್ರು ಯಾವುದು? ತುಕ್ಕು. ಭೂಮಿಯೊಳಗೆ ಕಬ್ಬಿಣವು ಬಹುಮಟ್ಟಿಗೆ ಆಮ್ಲಜನಕದೊಡನೆ ಬೆರೆತ ಅದುರಾಗಿಯೇ ಇರುತ್ತದೆ. ಮನುಷ್ಯನು ಕುಲುಮೆಯ ಬೆಂಕಿಯಲ್ಲಿ ಅವೆರಡನ್ನು ಬಲವಂತದಿಂದ ಅಗಲಿಸುತ್ತಾನೆ. ನೀರು ಮತ್ತು ಗಾಳಿ ಒಟ್ಟಿಗೆ ಸಿಕ್ಕಿದೊಡನೆ ಕಬ್ಬಿಣವು ಮತ್ತೆ ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ತುಕ್ಕೆಂದರೆ ಕಬ್ಬಿಣವು ಮರಳಿ ಮಣ್ಣಿಗೆ ಹೋಗುವ ದಾರಿ. ಅಲ್ಯೂಮಿನಿಯಮ್ಮಿನ ಮೇಲೆ ಕಟ್ಟುವ ಪೊರೆ ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ, ಉಬ್ಬಿ, ಹಕ್ಕಳೆಯಾಗಿ ಉದುರಿ, ಕೆಳಗಿನ ಹೊಸ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಕೊಡಚಾದ್ರಿಯ ಘೋರ ಮಳೆಯಲ್ಲಿಯೂ ನಿಂತಿರುವ ಹಳೆಯ ಕಬ್ಬಿಣದ ಕಂಬದಂಥವು ಅಪರೂಪ. ಉಳಿದ ಕಬ್ಬಿಣಕ್ಕೆ ಬಣ್ಣವೋ ಎಣ್ಣೆಯೋ ರಕ್ಷೆಯಾಗಬೇಕು. ಅದಕ್ಕಿಂತ ಮಿಗಿಲಾಗಿ, ದಿನವೂ ನೋಡುವ ಕಣ್ಣೊಂದು ಬೇಕು.

ಮೇಸ್ತ್ರಿಗಳು ಒಂದು ವಾರ ಜೀಪನ್ನು ಮುಟ್ಟಲಿಲ್ಲ. ಸುತ್ತಲೂ ತಿರುಗಿ ನೋಡಿದರು, ಅಷ್ಟೆ. ಆಮೇಲೆ ಬಿಚ್ಚುವ ಕೆಲಸ ಆರಂಭವಾಯಿತು. ಪ್ರತಿಯೊಂದು ನಟ್ಟು ಬೋಲ್ಟಿಗೂ ಚೀಟಿ ಕಟ್ಟಿ ಡಬ್ಬಿಗಳಲ್ಲಿ ಇಡಬೇಕೆಂದು ಅವರು ಕಟ್ಟಪ್ಪಣೆ ಮಾಡಿದ್ದರು. ಯುವಕನು ತನ್ನ ಮೊಬೈಲಿನಲ್ಲಿ ಹಂತಹಂತಕ್ಕೂ ಚಿತ್ರ ತೆಗೆದನು. ಹುಡುಗನು ಪುಸ್ತಕದಲ್ಲಿ ಬರೆದನು. ಕಚ್ಚಿಕೊಂಡು ನಿಂತಿದ್ದ ಎಂಜಿನ್ನಿನ ಪ್ಲಗ್ಗುಗಳನ್ನು ತೆಗೆದು, ಆ ರಂಧ್ರಗಳಲ್ಲಿ ಡೀಸಲು ಮತ್ತು ಎಣ್ಣೆಯ ಮಿಶ್ರಣವನ್ನು ಸುರಿದರು. ಯುವಕನು ಮರುದಿನವೇ ಹ್ಯಾಂಡಲು ಹಾಕಿ ತಿರುಗಿಸಲು ಹೊರಟನು. ಮೇಸ್ತ್ರಿಗಳು ತಡೆದರು. "ಇಪ್ಪತ್ತು ವರ್ಷ ಮಲಗಿದ್ದನ್ನು ಒಂದೇ ದಿನದಲ್ಲಿ ಎಬ್ಬಿಸಬಾರದು ಸ್ವಾಮಿ, ಮುರಿದುಹೋಗುತ್ತದೆ" ಎಂದರು. ಮೂರು ವಾರಗಳು ಕಳೆದ ಮೇಲೆ ಹ್ಯಾಂಡಲು ಕೂದಲೆಳೆಯಷ್ಟು ಅಲುಗಿತು. ಅಂದು ಅವರು ಎಲ್ಲರಿಗೂ ಕಾಫಿ ತರಿಸಿದರು.

ಸಣ್ಣ ಭಾಗಗಳ ತುಕ್ಕನ್ನು ತೆಗೆಯಲು ಅವರು ಹೂಡಿದ ಉಪಾಯವು ವಿಜ್ಞಾನದ ಪಾಠದಂತಿತ್ತು. ಪ್ಲಾಸ್ಟಿಕ್ಕಿನ ದೊಡ್ಡ ಪೀಪಾಯಿಯಲ್ಲಿ ನೀರು ತುಂಬಿಸಿ ವಾಷಿಂಗ್ ಸೋಡಾ ಕರಗಿಸಿದರು. ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಕೆಲಸಕ್ಕೆ ಬಾರದ ಕಬ್ಬಿಣದ ತಗಡನ್ನು ಧನ ತುದಿಗೂ ಸೇರಿಸಿ, ಒಂದಕ್ಕೊಂದು ತಾಗದಂತೆ ನೀರಿನಲ್ಲಿ ಇಳಿಬಿಟ್ಟರು. ವಿದ್ಯುತ್ತು ಹರಿದಂತೆ ನೀರು ಗುಳ್ಳೆಯೆದ್ದು, ತುಕ್ಕು ಸಡಿಲವಾಗಿ ಕಳಚಿತು. ಆಮ್ಲದಲ್ಲಿ ಅದ್ದಿದರೆ ತುಕ್ಕಿನೊಡನೆ ಒಳ್ಳೆಯ ಕಬ್ಬಿಣವೂ ಕರಗುತ್ತದೆ. ಈ ಕ್ರಮದಲ್ಲಿ ಆ ಭಯವಿಲ್ಲ. ಆದರೆ ಏಳುವ ಗುಳ್ಳೆಗಳಲ್ಲಿ ಹೊತ್ತಿಕೊಳ್ಳುವ ಜಲಜನಕವಿರುತ್ತದೆ. ಆದಕಾರಣ ಶೆಡ್ಡಿನ ಬಾಗಿಲನ್ನು ತೆರೆದೇ ಇಡಬೇಕು, ಹತ್ತಿರ ಕಿಡಿ ಸುಳಿಯಬಾರದು ಎಂದು ಅವರು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಸಿದರು. ಸ್ಟೇನ್‌ಲೆಸ್ ಸ್ಟೀಲಿನ ತಗಡನ್ನು ಧನ ತುದಿಗೆ ಕಟ್ಟಬಾರದು, ಅದರಲ್ಲಿರುವ ಕ್ರೋಮಿಯಮ್ಮಿನಿಂದ ನೀರು ವಿಷವಾದೀತು ಎಂದೂ ಎಚ್ಚರಿಸಿದರು.

ಭಾಗಗಳನ್ನು ಹುಡುಕುವ ಕೆಲಸ ಇನ್ನೊಂದು ಬಗೆಯದು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗಗಳ ಮಳಿಗೆಗಳಲ್ಲಿ ಶನಿವಾರಗಳೆಲ್ಲ ಕಳೆದವು. ಗುಜರಿಯೆಂದರೆ ವಾಹನಗಳ ಸ್ಮಶಾನವೆಂದು ಜನ ತಿಳಿಯುತ್ತಾರೆ. ಕಣ್ಣುಳ್ಳವನಿಗೆ ಅದು ಬೀಜದ ಕಣಜ. ಒಂದೇ ಮಾದರಿಯು ದಶಕಗಳ ಕಾಲ ತಯಾರಾದುದರಿಂದ ಒಂದು ಜೀಪಿನ ಎಷ್ಟೋ ಭಾಗಗಳು ಇನ್ನೊಂದಕ್ಕೆ ಹೊಂದುತ್ತಿದ್ದವು. ನಾಲ್ಕು ಚಕ್ರಗಳಿಗೆ ಬಲವನ್ನು ಹಂಚುವ ಪೆಟ್ಟಿಗೆಯ ಒಂದು ಗೇರು ಬೆಂಗಳೂರಿನಲ್ಲಿ ಎಲ್ಲಿಯೂ ಸಿಕ್ಕದೆ, ಕೊನೆಗೆ ಮಡಿಕೇರಿಯ ಗ್ಯಾರೇಜೊಂದರಲ್ಲಿ ದೊರೆಯಿತು. ಮಾಂದಲಪಟ್ಟಿಯ ಕಡಿದಾದ ದಾರಿಗೆ ಪ್ರವಾಸಿಗರನ್ನು ಕೊಂಡೊಯ್ಯುವ ಜೀಪುಗಳಿರುವ ನಾಡಿನಲ್ಲಿ ಅಂಥ ಗೇರಿನ ಬೆಲೆ ತಿಳಿದವರು ಇನ್ನೂ ಇದ್ದಾರೆ. ಎರಕದ ಭಾಗವನ್ನು ಕೊಳ್ಳುವ ಮೊದಲು ಮೇಸ್ತ್ರಿಗಳು ಅದನ್ನು ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಗಂಟೆಯಂತೆ ನಾದ ಬಂದರೆ ಸರಿ. ಮಡಕೆಯಂತೆ ಬೊದ್ದು ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆಯೆಂದು ಕೈಬಿಡುತ್ತಿದ್ದರು. ಪ್ರತಿಯೊಂದಕ್ಕೂ ರಸೀದಿ ಕೇಳುತ್ತಿದ್ದರು. "ಕದ್ದ ಗಾಡಿಯ ಕಾಲು ಕತ್ತರಿಸಿ ನಮ್ಮ ಗಾಡಿಗೆ ಹಾಕಿದರೆ ಅದು ಹೇಗೆ ಓಡೀತು?" ಎಂಬುದು ಅವರ ಪ್ರಶ್ನೆ. ಬ್ರೇಕಿನ ಕೊಳವೆ, ರಬ್ಬರಿನ ಬಿಲ್ಲೆಗಳು, ವಿದ್ಯುತ್ ತಂತಿ, ಟೈರು — ಇವುಗಳನ್ನು ಮಾತ್ರ ಹೊಸದಾಗಿಯೇ ತರಿಸಿದರು.

ಬೇಸಗೆಯ ಹೊತ್ತಿಗೆ ಎಂಜಿನ್ನಿಗೆ ರೀಬೋರ್ ಆಗಿ, ಹೊಸ ಅಳತೆಯ ಪಿಸ್ಟನ್ನುಗಳು ಕೂತಿದ್ದವು. ಸುಗ್ಗಿ ಹತ್ತಿರವಾಗಿತ್ತು. ಆಗ ಒಂದು ದಿನ ಮೇಸ್ತ್ರಿಗಳು ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಬಂದು, ಹಿಂದಿನ ಪಟ್ಟಿ ಸ್ಪ್ರಿಂಗು ಸೇರುವ ಸ್ಥಳದಲ್ಲಿ ನಿಂತರು. ಮತ್ತೆ ತಟ್ಟಿದರು. ಸುತ್ತಿಗೆಯ ಮೊನೆ ಒಳಕ್ಕೆ ಇಳಿಯಿತು. ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ ತೊಲೆಯು ಒಳಗಿನಿಂದ ಕೊಳೆತುಹೋಗಿತ್ತು.

ಯುವಕನ ಮುಖ ಬಾಡಿತು. ಅದನ್ನು ಸರಿಪಡಿಸಬೇಕಾದರೆ ಜೋಡಿಸಿದ್ದನ್ನೆಲ್ಲ ಮತ್ತೆ ಇಳಿಸಬೇಕು. ಸುಗ್ಗಿಯ ಮಾತು ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಸ್ತ್ರಿಗಳೇ, ಸದ್ಯಕ್ಕೆ ಮೇಲೊಂದು ತಗಡು ಹೊದಿಸಿ, ಪಟ್ಟಿ ಮೆತ್ತಿ, ಬಣ್ಣ ಹೊಡೆದುಬಿಡೋಣ. ಹಬ್ಬ ಮುಗಿಸಿಕೊಂಡು ಬಂದು ಸರಿಮಾಡಿಸಿದರಾಯಿತು. ಕೆಳಗೆ ಬಗ್ಗಿ ಯಾರು ನೋಡುತ್ತಾರೆ?" ಎಂದನು.

ಮೇಸ್ತ್ರಿಗಳು ಸಿಟ್ಟಾಗಲಿಲ್ಲ. "ಬಣ್ಣ ನೋಡುವವರ ಕಣ್ಣಿಗೆ ಸ್ವಾಮಿ, ಕಬ್ಬಿಣ ಕೂತವರ ಪ್ರಾಣಕ್ಕೆ. ಅದರಲ್ಲಿ ಕೂರುವವರು ನಿಮ್ಮ ಅಜ್ಜಿ. ಯಾವುದು ಬೇಕೋ ನೀವೇ ಹೇಳಿ" ಎಂದರು.

ಆ ರಾತ್ರಿ ಯುವಕನು ಅಜ್ಜಿಗೆ ಫೋನು ಮಾಡಿ ನಡೆದುದನ್ನು ತಿಳಿಸಿದನು. "ಮುಂದಿನ ಸುಗ್ಗಿ ಇಲ್ವಾ ಮಗ? ನಾನೆಲ್ಲಿಗೆ ಹೋಗ್ತೀನಿ" ಎಂದರು ಅಜ್ಜಿ. ಎಂಬತ್ತು ದಾಟಿದವರ ಬಾಯಿಂದ ಬಂದ ಆ ಮಾತು ಅವನನ್ನು ಸಮಾಧಾನಪಡಿಸುವುದಕ್ಕೆ ಬದಲಾಗಿ ನಿದ್ದೆಗೆಡಿಸಿತು. ಆದರೂ ಮರುದಿನ ಅವನೇ ಬಂದು ಮೊದಲ ಬೋಲ್ಟನ್ನು ಬಿಚ್ಚಿದನು.

ಕೊಳೆತ ಭಾಗವನ್ನು ಒಳ್ಳೆಯ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಮುರಿದುಹಾಕಿದ ಇನ್ನೊಂದು ಜೀಪಿನ ಚಾಸಿಯಿಂದ ಅಷ್ಟೇ ದಪ್ಪದ ತುಂಡನ್ನು ತಂದು ಬೆಸೆದರು. ಚಾಸಿಯ ಸಂಖ್ಯೆ ಕೆತ್ತಿದ್ದ ಭಾಗವು ಭದ್ರವಾಗಿತ್ತು, ಅದನ್ನು ಮುಟ್ಟಲಿಲ್ಲ. ಆ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ನೋಂದಣಿ ಪತ್ರದೊಡನೆ ತಾಳೆಯಾಗದಿದ್ದರೆ ವಾಹನವು ರಸ್ತೆಗೆ ಇಳಿಯುವಂತಿಲ್ಲ. ಐವತ್ತು ವರ್ಷ ಮೀರಿದ, ಮೂಲ ಸ್ವರೂಪ ಕೆಡದ ಖಾಸಗಿ ವಾಹನಗಳನ್ನು ಪಾರಂಪರಿಕ ವಾಹನಗಳೆಂದು ನೋಂದಾಯಿಸಲು ಕೇಂದ್ರ ಸರ್ಕಾರವು 2021ರಲ್ಲಿ ನಿಯಮ ರೂಪಿಸಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದ ಸಂದರ್ಭಗಳಲ್ಲದೆ ಸಾಮಾನ್ಯವಾಗಿ ರಸ್ತೆಯಲ್ಲಿ ಓಡಿಸುವಂತಿಲ್ಲ. ಅಜ್ಜಿಯ ಜೀಪು ಪ್ರದರ್ಶನದ ವಸ್ತುವಾಗಬೇಕಿರಲಿಲ್ಲ. ಅದಕ್ಕಾಗಿ ಯುವಕನು, ತಪಾಸಣೆಯಲ್ಲಿ ತೇರ್ಗಡೆ ಹೊಂದಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸುವ ದಾರಿಯನ್ನು ಆರಿಸಿಕೊಂಡನು.

ತಪಾಸಣೆಗೆ ಮುನ್ನ, ಶೆಡ್ಡಿನ ಹಿಂದಿನ ಖಾಲಿ ಅಂಗಳದಲ್ಲಿ ಜೀಪನ್ನು ಓಡಿಸಿ ನೋಡುವ ದಿನ ಬಂತು. ಮೇಸ್ತ್ರಿಗಳೇ ಕುಳಿತರು. ಎಂಜಿನ್ನು ಕೆಮ್ಮಿ, ಹೊಗೆಯುಗುಳಿ, ಕೊನೆಗೆ ಒಂದೇ ಸಮನೆ ಮಿಡಿಯತೊಡಗಿತು. ನೆರೆಯ ಶೆಡ್ಡುಗಳವರೂ ಬಂದು ನಿಂತಿದ್ದರು. ಜೀಪು ಅಂಗಳವನ್ನು ಎರಡು ಸುತ್ತು ಬಂದಿತು. ಮೂರನೆಯ ಸುತ್ತಿನಲ್ಲಿ ವೇಗ ಹೆಚ್ಚಿಸಿ ಬ್ರೇಕು ತುಳಿದಾಗ ವಾಹನವು ನಿಲ್ಲುವ ಬದಲು ಥಟ್ಟನೆ ಎಡಕ್ಕೆ ಎಳೆದು, ಮರಳಿನ ಮೂಟೆಗಳ ರಾಶಿಗೆ ನುಗ್ಗಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಎರಡು ಮೂಟೆ ಒಡೆದವು, ಅಷ್ಟೇ.

ಚಕ್ರ ಬಿಚ್ಚಿದಾಗ ಕಾರಣ ತಿಳಿಯಿತು. ಮುಂದಿನ ಬಲಗಡೆಯ ಬ್ರೇಕ್ ಡ್ರಮ್ಮು ಗುಜರಿಯಿಂದ ತಂದದ್ದು. ಅದರ ಒಳಮೈ ಮಿತಿಮೀರಿ ಸವೆದು ಅಗಲವಾಗಿತ್ತು. ಬ್ರೇಕಿನ ಷೂ ಅದನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಎಡಗಡೆಯದು ಮಾತ್ರ ಹಿಡಿದುದರಿಂದ ವಾಹನವು ಎಡಕ್ಕೆ ಎಳೆದಿತ್ತು. ಎಲ್ಲರೂ ಸುಮ್ಮನೆ ನಿಂತಿದ್ದರು. ಹುಡುಗನು ತಲೆ ತಗ್ಗಿಸಿ ತನ್ನ ನೋಟುಪುಸ್ತಕವನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದನು.

ಮೇಸ್ತ್ರಿಗಳು ಕೈ ಚಾಚಿದರು. "ಅದನ್ನು ಕೊಡಪ್ಪ" ಎಂದರು. ಹಾಳೆ ತಿರುವಿ, ಬೇಕಾದ ಸಾಲನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆ ಡ್ರಮ್ಮಿನ ಅಳತೆಯು ಅಲ್ಲಿತ್ತು. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಎರಡು ತಿಂಗಳ ಹಿಂದೆ ಹುಡುಗನು, "ಇದು ಸ್ವಲ್ಪ ಜಾಸ್ತಿ ಐತ್ರಿ" ಎಂದು ಮೆಲ್ಲಗೆ ಹೇಳಿದ್ದನು. ಮೇಸ್ತ್ರಿಗಳು ಹೆಬ್ಬೆರಳಿನಿಂದ ಸವರಿ ನೋಡಿ, "ಐವತ್ತು ವರ್ಷದ ಕೈ ಇದು, ಹಾಕು" ಎಂದಿದ್ದರು.

ಸುತ್ತ ನಿಂತವರೆಲ್ಲರ ಮುಂದೆ ಆ ಹಿರಿಯರು ನಿಧಾನವಾಗಿ ಹೇಳಿದರು: "ತಪ್ಪು ನನ್ನದು. ಚಾಸಿಯ ತುಕ್ಕನ್ನು ಮುಚ್ಚಬೇಡಿ ಎಂದು ಇವರಿಗೆ ಬುದ್ಧಿ ಹೇಳಿದೆ. ನನ್ನ ಬೆರಳಿಗೂ ತುಕ್ಕು ಹಿಡಿದಿದೆ ಅನ್ನುವುದನ್ನು ನಾನು ನೋಡಲಿಲ್ಲ. ಈ ಹುಡುಗ ನೋಡಿದ್ದ." ಬಳಿಕ ತಮ್ಮ ಮೇಜಿನ ಖಾನೆಯಿಂದ ಮರದ ಪೆಟ್ಟಿಗೆಯೊಂದನ್ನು ತೆಗೆದರು. ಅದರಲ್ಲಿ ಅವರು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಮೊದಲ ಸಂಬಳದಿಂದ ಕೊಂಡಿದ್ದ ಮೈಕ್ರೋಮೀಟರು ಇತ್ತು. ಅದನ್ನು ಹುಡುಗನ ಕೈಗೆ ಕೊಟ್ಟು, "ಇನ್ನು ಮೇಲೆ ಈ ಶೆಡ್ಡಿನಲ್ಲಿ ಅಳತೆ ನಿನ್ನದು. ನಾನು ಹಾಕು ಎಂದರೂ, ಅಳತೆ ಬೇಡ ಎಂದರೆ ಹಾಕಬೇಡ" ಎಂದರು. ಹುಡುಗನು ಆ ಪೆಟ್ಟಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡನು.

ಬೇರೆ ಡ್ರಮ್ಮು ಬಂದಿತು. ಅಳತೆಯಾದ ಮೇಲೆಯೇ ಒಳಗೆ ಹೋಯಿತು. ಜೀಪು ತಪಾಸಣೆಯಲ್ಲಿ ತೇರ್ಗಡೆಯಾಯಿತು. ಬಣ್ಣ ಹೊಡೆಯುವ ಮೊದಲು ಎಡಗಡೆಯ ಮಡ್‌ಗಾರ್ಡಿನ ಒಂದು ತಗ್ಗನ್ನು ಬಡಿದು ಸರಿಮಾಡಬೇಕೇ ಎಂದು ಕೇಳಿದಾಗ, ಅಜ್ಜಿ ಫೋನಿನಲ್ಲಿಯೇ ನಕ್ಕು, "ಅದು ನಿಮ್ಮಜ್ಜ ಹಲಸಿನ ಮರಕ್ಕೆ ಗುದ್ದಿದ್ದು. ಇರ್ಲಿ ಬಿಡು, ಮರವೂ ಇದೆ" ಎಂದಿದ್ದರು. ಆ ತಗ್ಗು ಹಾಗೆಯೇ ಉಳಿಯಿತು.

ಮುಂದಿನ ಸುಗ್ಗಿಗೆ ಎರಡು ದಿನ ಮುಂಚೆ ಜೀಪು ಹಾಸನ, ಬೇಲೂರುಗಳನ್ನು ಹಾದು, ಮೂಡಿಗೆರೆಯ ದಾರಿ ಹಿಡಿದು ಮನೆಯ ಅಂಗಳಕ್ಕೆ ಬಂದು ನಿಂತಿತು. ಅಜ್ಜಿ ಇದ್ದರು. ಬಾಗಿಲಿನಿಂದ ಇಳಿದು ಬಂದು, ಸೆರಗಿನ ತುದಿಯಿಂದ ಆ ತಗ್ಗಿನ ಮೇಲಿದ್ದ ಧೂಳನ್ನು ಒರಸಿದರು. ಹಬ್ಬದ ದಿನ ಮುಂದಿನ ಆಸನದಲ್ಲಿ ಕುಳಿತು ದೇವಸ್ಥಾನಕ್ಕೆ ಹೊರಟರು. ಏರಿನಲ್ಲಿ ಮೊಮ್ಮಗನು ಗೇರು ಬದಲಾಯಿಸುವಾಗ ಗೇರುಪೆಟ್ಟಿಗೆಯು ಕರಕರನೆ ಹಲ್ಲು ಕಡಿಯಿತು. ಅಜ್ಜಿ ಅವನ ಕಡೆಗೆ ತಿರುಗಿ, "ನಿಮ್ಮಜ್ಜ ಹಾಕುವಾಗ ಇಷ್ಟು ಸದ್ದಾಗ್ತಿರಲಿಲ್ಲ. ಕ್ಲಚ್ಚು ಎರಡು ಸಲ ತುಳಿ ಮಗ" ಎಂದರು. ಅವನು ಎರಡು ಸಲ ತುಳಿದನು. ಗೇರು ಸದ್ದಿಲ್ಲದೆ ಕೂತಿತು.

ಪೀಣ್ಯದ ಶೆಡ್ಡಿನಲ್ಲಿ ಆ ಹೊತ್ತಿಗೆ ಬೇರೊಂದು ವಾಹನ ಬಂದು ನಿಂತಿತ್ತು. ಮೇಸ್ತ್ರಿಗಳು ಅದರ ಸುತ್ತ ನಿಧಾನವಾಗಿ ತಿರುಗುತ್ತಿದ್ದರು. ಹುಡುಗನು ಹೊಸ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ದಿನಾಂಕವನ್ನು ಬರೆಯುತ್ತಿದ್ದನು.